532.9 ಮಿಲಿಯನ್ ಡಾಲರ್ ಸೊನ್ನೆ ಆಗಿದ್ದು ಹೇಗೆ: ಪೇಟೆಂಟ್ ಜಗಳನ ನೀವೇ ಕೂತು ಓದೋ ದಾರಿ

ನಾನು ವಕೀಲ ಅಲ್ಲ, ಅದನ್ನ ಮೊದ್ಲೇ ಹೇಳ್ಬಿಡ್ತೀನಿ. ದಿನಾ ಮಾಡೋದು ಸರ್ವರ್ ಕೆಲ್ಸ. ಆಡಿಯೋ ವಿಡಿಯೋ ಫೈಲ್ ಎಲ್ಲಿಡೋದು, ದುಡ್ಡು ಕೊಟ್ಟವ್ರಿಗೆ ಮಾತ್ರ ಹೇಗೆ ತೋರ್ಸೋದು, ಡೌನ್‌ಲೋಡ್ ಮಾಡ್ಕೊಂಡವ್ರಿಗೆ ಮೂವತ್ತು ದಿನ ಆದ್ಮೇಲೆ ಹೇಗೆ ಬೀಗ ಹಾಕೋದು, ಇಂಥವು. ಒಂದಿನ ಅಮೆರಿಕದ ಗಿರಾಕಿ ಒಬ್ರು ಒಂದು ಎಕ್ಸೆಲ್ ಶೀಟ್ ಕಳ್ಸಿದ್ರು, ಒಳಗೆ ಹನ್ನೊಂದು ಪೇಟೆಂಟ್ ನಂಬರ್, ಕೆಳಗೆ ಒಂದೇ ಸಾಲು, "ನಿಮ್ಮ ಸಿಸ್ಟಂ ಇವಕ್ಕೆ ತಾಗುತ್ತಾ ನೋಡಿ ಹೇಳಿ". ಮೊದಲನೇದನ್ನ ತೆಗೆದು ಮೇಲಿನ ಸಾರಾಂಶ ಓದಿದ್ರೆ ಎದೆ ಧಸಕ್ ಅಂತು, ಅಕ್ಷರಶಃ ನಮ್ಮ ಆಪ್ ಬಗ್ಗೆನೇ ಬರ್ದಂಗಿತ್ತು. ಎರಡನೇದೂ ಹಾಗೇ, ಮೂರನೇದೂ ಹಾಗೇ. ಮೂರು ರಾತ್ರಿ ನಿದ್ದೆಗೆಟ್ಟ ಮೇಲೆ ಗೊತ್ತಾಗಿದ್ದು ಏನಂದ್ರೆ ನಾನು ಓದ್ತಿದ್ದ ಜಾಗನೇ ತಪ್ಪು.

ಆವಾಗ ಕಲ್ತಿದ್ದನ್ನೇ ಇಲ್ಲಿ ಬರೀತಿದೀನಿ. ಅಭ್ಯಾಸಕ್ಕೆ ಒಂದು ನಿಜವಾದ ಕೇಸ್ ಇಟ್ಕೊಳೋಣ, ಸ್ಮಾರ್ಟ್‌ಫ್ಲ್ಯಾಶ್ ವರ್ಸಸ್ ಆಪಲ್. ಪ್ಯಾಟ್ರಿಕ್ ರಾಕ್ಜ್ ಅಂತ ಬ್ರಿಟನ್ನಿನ ಸಂಶೋಧಕ, 1999ರ ಅಕ್ಟೋಬರ್‌ನಲ್ಲಿ ಅಲ್ಲಿ ಅರ್ಜಿ ಹಾಕಿದ್ದು. ಆಗಷ್ಟೇ ನ್ಯಾಪ್‌ಸ್ಟರ್ ಶುರುವಾಗಿ ಹಾಡಿನ ಕಂಪನಿಗಳಿಗೆಲ್ಲ ತಲೆಬಿಸಿ ಆಗಿದ್ದ ಕಾಲ. ಅವ್ರ ಐಡಿಯಾ ಏನು ಅಂದ್ರೆ ಒಂದು ಸಣ್ಣ ಕಾರ್ಡ್, ಅದ್ರಲ್ಲೇ ಹಾಡೂ ಇರುತ್ತೆ, ದುಡ್ಡು ಕೊಡೋಕೆ ಬೇಕಾದ ಮಾಹಿತಿನೂ ಇರುತ್ತೆ, ಎಷ್ಟು ಸಲ ಕೇಳ್ಬೋದು ಅನ್ನೋ ನಿಯಮಾನೂ ಇರುತ್ತೆ. ಪೇಮೆಂಟ್ ಪಾಸಾದ್ರೆ ಹಾಡು ಇಳಿಯುತ್ತೆ, ಇಲ್ಲಾಂದ್ರೆ ಇಲ್ಲ. ಆಪಲ್‌ನ ಐಟ್ಯೂನ್ಸ್ ಸ್ಟೋರ್ ತೆರೆದಿದ್ದು 2003ರ ಏಪ್ರಿಲ್‌ನಲ್ಲಿ. 2013ರ ಮೇ ತಿಂಗಳಲ್ಲಿ ರಾಕ್ಜ್ ಅವ್ರ ಕಂಪನಿ ಸ್ಮಾರ್ಟ್‌ಫ್ಲ್ಯಾಶ್ ಆಪಲ್ ಮೇಲೆ ಟೆಕ್ಸಾಸ್ ಪೂರ್ವ ಜಿಲ್ಲೆಯ ಫೆಡರಲ್ ಕೋರ್ಟ್‌ನಲ್ಲಿ ದಾವೆ ಹಾಕ್ತು, 2015ರ ಫೆಬ್ರವರಿ 24ಕ್ಕೆ ಟೈಲರ್ ಊರಿನ ಜ್ಯೂರಿ (ತೀರ್ಪು ಹೇಳೋಕೆ ಕೂರಿಸೋ ಸಾಮಾನ್ಯ ಜನ) 532.9 ಮಿಲಿಯನ್ ಡಾಲರ್ ಕೊಡಿ ಅಂತು. ಅಂದ್ರೆ 53 ಕೋಟಿ ಡಾಲರ್. ಪ್ರಪಂಚದ ಪೇಪರ್‌ಗಳೆಲ್ಲ ಅದನ್ನೇ ಬರೆದ್ವು. ಕೊನೆಗೆ ಆ ಕೇಸ್‌ನಲ್ಲಿ ಸಿಕ್ಕಿದ್ದು ಸೊನ್ನೆ, ಆ ಸುದ್ದಿ ಮಾತ್ರ ಒಳಪುಟಕ್ಕೆ ಹೋಯ್ತು.

ಸರಿ, ಕೆಲ್ಸಕ್ಕೆ ಬರೋಣ. ಮೊದ್ಲು ಗೂಗಲ್ ಪೇಟೆಂಟ್ಸ್‌ಗೆ ಹೋಗಿ, ದುಡ್ಡಿಲ್ಲ ಲಾಗಿನ್ ಇಲ್ಲ, ಹುಡುಕೋ ಬಾಕ್ಸ್‌ನಲ್ಲಿ ಯುಎಸ್ ಅಂತ ಹೊಡೆದು ಪಕ್ಕದಲ್ಲೇ 7334720 ಹಾಕಿ, ಇದು ಸ್ಮಾರ್ಟ್‌ಫ್ಲ್ಯಾಶ್‌ನ ಒಂದು ಪೇಟೆಂಟ್. ಬರೋ ಪೇಜ್‌ನಲ್ಲಿ ಹೆಸರು, ಸಾರಾಂಶ, ಚಿತ್ರ, ಉದ್ದದ ವಿವರಣೆ ಎಲ್ಲ ಇರುತ್ತೆ, ಅದನ್ನೆಲ್ಲ ಸದ್ಯಕ್ಕೆ ಪಕ್ಕಕ್ಕಿಡಿ. ನಿಮಗೆ ಬೇಕಿರೋದು ಕ್ಲೇಮ್ಸ್ ಅಂತ ಇರೋ ಭಾಗ, ನಂಬರ್ ಹಾಕಿರೋ ಸಾಲುಗಳು.

ಇದು ಯಾಕೆ ಮುಖ್ಯ ಅಂದ್ರೆ, ಸೈಟ್ ತಗೊಳೋವಾಗ ಕ್ರಯಪತ್ರ ಓದಿದೀರಲ್ಲ, ಅದ್ರಲ್ಲಿ ಮಾರೋರ ತಾತ ಮುತ್ತಾತನ ಕಥೆ ಎಲ್ಲ ನಾಲ್ಕು ಪುಟ ಇರುತ್ತೆ, ಆದ್ರೆ ನಿಮ್ಮ ಜಾಗ ಯಾವ್ದು ಅಂತ ಹೇಳೋದು ಕೊನೇಲಿ ಬರೋ ಚೆಕ್ಕುಬಂದಿ ಮಾತ್ರ, ಪೂರ್ವಕ್ಕೆ ಇವ್ರ ಮನೆ, ಪಶ್ಚಿಮಕ್ಕೆ ರಸ್ತೆ ಅಂತ. ಪೇಟೆಂಟ್‌ನಲ್ಲಿ ಕ್ಲೇಮ್ ಅಂದ್ರೆ ಚೆಕ್ಕುಬಂದಿ. ಸಾರಾಂಶ ಎಷ್ಟೇ ದೊಡ್ಡದಾಗಿ ಕೊಚ್ಕೊಂಡಿರ್ಲಿ, ಬೇಲಿ ಎಲ್ಲಿದೆ ಅನ್ನೋದು ಕ್ಲೇಮ್‌ನಲ್ಲೇ. ನಾನು ಮೂರು ರಾತ್ರಿ ಮುತ್ತಾತನ ಕಥೆ ಓದ್ಕೊಂಡು ಹೆದರ್ಕೊಂಡಿದ್ದೆ.

ಕ್ಲೇಮ್ ಓದೋಕೂ ಒಂದು ಕ್ರಮ ಇದೆ. ಕೆಲವು ಕ್ಲೇಮ್ ಸ್ವತಂತ್ರವಾಗಿ ನಿಂತಿರ್ತವೆ, ಕೆಲವು "ಕ್ಲೇಮ್ 3ರಲ್ಲಿ ಹೇಳಿದಂಥದ್ದು, ಜೊತೆಗೆ ಇದೂ" ಅಂತ ಇನ್ನೊಂದಕ್ಕೆ ಜೋತು ಬಿದ್ದಿರ್ತವೆ. ಈ ಪೇಟೆಂಟ್‌ನಿಂದ ಕೋರ್ಟ್‌ನಲ್ಲಿ ವಿಚಾರಣೆಗೆ ಬಂದಿದ್ದು 13ನೇ ಕ್ಲೇಮ್, ಅದು 3ಕ್ಕೆ ಜೋತಿದೆ, ಹಾಗಾಗಿ 13 ಓದ್ಬೇಕು ಅಂದ್ರೆ 3ನ್ನ ಪೂರ್ತಿ ಓದ್ಲೇಬೇಕು. 3ರಲ್ಲಿ ಏನಿದೆ ಅಂತ ನಮ್ಮ ಮಾತಲ್ಲಿ ಬಿಡಿಸಿದ್ರೆ ಹೀಗೆ: ಒಂದು ಟರ್ಮಿನಲ್ ಇರ್ಬೇಕು, ಅದಕ್ಕೆ ಡೇಟಾ ಕೊಡೋರ ಕಡೆಗೊಂದು ಕನೆಕ್ಷನ್, ಡೇಟಾ ಹೊರೋ ವಸ್ತು ಕಡೆಗೊಂದು ಕನೆಕ್ಷನ್, ಕೋಡ್ ಇಡೋಕೆ ಜಾಗ, ಓಡ್ಸೋಕೆ ಪ್ರೊಸೆಸರ್. ಆ ಕೋಡ್ ಏನು ಮಾಡ್ಬೇಕು ಅಂದ್ರೆ, ಡೇಟಾ ಹೊರೋ ವಸ್ತುವಿನಿಂದ ಪೇಮೆಂಟ್ ಮಾಹಿತಿ ಓದಿ ಪೇಮೆಂಟ್ ಪರಿಶೀಲಿಸೋ ಕಡೆಗೆ ಕಳಿಸ್ಬೇಕು, ಅಲ್ಲಿಂದ ಉತ್ತರ ತಗೋಬೇಕು, ಉತ್ತರ ಬಂದ್ಮೇಲೆ ಡೇಟಾ ತಂದು ಆ ವಸ್ತುವಿನ ಒಳಗೆ ಬರೀಬೇಕು, ಜೊತೆಗೆ ಕನಿಷ್ಠ ಒಂದು ಆಕ್ಸೆಸ್ ರೂಲ್ ತಗೊಂಡು ಅದನ್ನೂ ಅಲ್ಲೇ ಬರೀಬೇಕು, ಮತ್ತೆ ಆ ರೂಲ್‌ನ ಷರತ್ತು ಎಷ್ಟು ದುಡ್ಡು ಕೊಟ್ರು ಅನ್ನೋದ್ರ ಮೇಲೆ ನಿಂತಿರ್ಬೇಕು. 13ರಲ್ಲಿ ಸೇರೋದು ಇಷ್ಟೇ, ಈ ಟರ್ಮಿನಲ್ಲು ಮೊಬೈಲ್, ಕಂಪ್ಯೂಟರ್, ಪ್ಲೇಯರ್, ಕೇಬಲ್ ಟಿವಿ ಪೆಟ್ಟಿಗೆ ಇಂಥದ್ರ ಜೊತೆ ಸೇರ್ಕೊಂಡಿರ್ಬೇಕು.

ಈಗ ಎಕ್ಸೆಲ್‌ನಲ್ಲಿ ಎರಡು ಕಾಲಂ ಮಾಡಿ. ಎಡಗಡೆ ಕ್ಲೇಮ್‌ನ ಒಂದೊಂದು ತುಂಡು, ಒಂದು ಸಾಲಿಗೆ ಒಂದು. ಬಲಗಡೆ ನಿಮ್ಮ ಸಿಸ್ಟಂನಲ್ಲಿ ಅದನ್ನ ಮಾಡೋದು ಯಾವ್ದು, ಮಾಡೋದಿಲ್ಲ ಅಂದ್ರೆ "ಇಲ್ಲ". ವಕೀಲರು ಇದಕ್ಕೆ ಕ್ಲೇಮ್ ಚಾರ್ಟ್ ಅಂತಾರೆ. ನಿಯಮ ಸರಳ, ಎಡಗಡೆ ಇರೋ ಎಲ್ಲಾ ತುಂಡೂ ನಿಮ್ಮಲ್ಲಿ ಸಿಕ್ಕಿದ್ರೆ ಮಾತ್ರ ಉಲ್ಲಂಘನೆ, ಒಂದೇ ಒಂದು ಇಲ್ಲ ಅಂದ್ರೂ ನೇರ ಉಲ್ಲಂಘನೆ ಬೀಳಲ್ಲ. ಇಲ್ಲಿ ಒಂದು ಕೊಕ್ಕೆ ಇದೆ, "ಹೆಚ್ಚುಕಮ್ಮಿ ಅದೇ ಕೆಲ್ಸ ಅದೇ ರೀತಿ ಮಾಡುತ್ತೆ" ಅಂತ ವಾದ ಮಾಡೋಕೆ ಅಮೆರಿಕದಲ್ಲಿ ಅವಕಾಶ ಇದೆ, ಹಾಗಾಗಿ "ಇಲ್ಲ" ಅಂತ ಬರೆದಾಕ್ಷಣ ಕಾಲು ಚಾಚಿ ಮಲಗ್ಬೇಡಿ. ನಮ್ಮ ವಿಷಯಕ್ಕೆ ಬಂದ್ರೆ, ನಮ್ಮ ಆಪ್‌ನಲ್ಲಿ ಪೇಮೆಂಟ್ ಮಾಹಿತಿ ಫೋನ್‌ನಲ್ಲಿ ಇರೋದೇ ಇಲ್ಲ, ಪೇಮೆಂಟ್ ಗೇಟ್‌ವೇ ಕಡೆನೇ ಇರುತ್ತೆ. "ಡೇಟಾ ಹೊರೋ ವಸ್ತುವಿನಿಂದ ಪೇಮೆಂಟ್ ಮಾಹಿತಿ ಓದೋದು" ಅನ್ನೋ ಸಾಲಿಗೆ ಬಲಗಡೆ ಬರೆಯೋಕೆ ಏನೂ ಸಿಗ್ಲಿಲ್ಲ, ಆ ಒಂದು ಖಾಲಿ ಡಬ್ಬ ನೋಡಿ ನಾನು ಎದ್ದೋಗಿ ಎರಡು ಲೋಟ ಕಾಫಿ ಕುಡಿದೆ.

ಆದ್ರೆ ಪದಗಳ ಅರ್ಥ ನೀವು ಅಂದ್ಕೊಂಡಂಗೇ ಇರ್ಬೇಕು ಅಂತಿಲ್ಲ. "ಡೇಟಾ ಹೊರೋ ವಸ್ತು" ಅಂದ್ರೆ ಬಿಡಿ ಮೆಮೊರಿ ಕಾರ್ಡಾ, ಇಲ್ಲ ಫೋನ್ ಒಳಗಿನ ಮೆಮೊರಿನೂ ಸೇರುತ್ತಾ? ಇಂಥ ಪದಗಳಿಗೆ ಜಡ್ಜ್ ಅರ್ಥ ಹೇಳಿ ಆರ್ಡರ್ ಕೊಡ್ತಾರೆ, ಅದಕ್ಕೆ ಕ್ಲೇಮ್ ಕನ್‌ಸ್ಟ್ರಕ್ಷನ್ ಅಂತ ಹೆಸ್ರು, ಪೇಟೆಂಟ್ ಮೇಲೆ ಹಳೇ ಕೇಸ್ ಇದ್ರೆ ಮೊದ್ಲು ಹುಡುಕಬೇಕಾದ ಕಾಗದ ಅದೇ. ಪಕ್ಕಕ್ಕಿಟ್ಟ ವಿವರಣೆ ಭಾಗ ಕೆಲ್ಸಕ್ಕೆ ಬರೋದೂ ಇಲ್ಲೇ, ಪದದ ಅರ್ಥ ಹಿಡಿಯೋಕೆ.

ಮುಂದಿಂದು ತಾರೀಖು. ಮೂರು ತಾರೀಖು ಗುರ್ತು ಹಾಕ್ಕೊಳ್ಳಿ: ಮೊದಲ ಅರ್ಜಿಯದ್ದು, ಪೇಟೆಂಟ್ ಕೊಟ್ಟಿದ್ದು, ಮುಗಿಯೋದು. ಈಗಿನ ಲೆಕ್ಕದಲ್ಲಿ ಆಯುಷ್ಯ ಅರ್ಜಿ ಹಾಕಿದಾಗಿಂದ 20 ವರ್ಷ, ಆಫೀಸ್‌ನೋರೇ ತಡ ಮಾಡಿದ್ರೆ ಒಂದಿಷ್ಟು ದಿನ ಜಾಸ್ತಿ ಸೇರುತ್ತೆ. ಮಧ್ಯದಲ್ಲಿ ಫೀಸ್ ಕಟ್ಟದೆ ಬಿಟ್ರೆ ಅಷ್ಟಕ್ಕೇ ಸತ್ತೋಗುತ್ತೆ. ನನ್ನ ಹನ್ನೊಂದರಲ್ಲಿ ಆರು ಹೀಗೇ ಸತ್ತಿದ್ವು. ಆದ್ರೂ ಪೂರ್ತಿ ಹೊಡೆದು ಹಾಕ್ಬೇಡಿ, ಅಮೆರಿಕದಲ್ಲಿ ಹಿಂದಿನ ಆರು ವರ್ಷದ ಉಲ್ಲಂಘನೆಗೆ ಪರಿಹಾರ ಕೇಳ್ಬೋದು.

ತಾರೀಖು ಅಂದ್ರೆ ಬರೀ ಗುಮಾಸ್ತೆ ಕೆಲ್ಸ ಅಂದ್ಕೋಬೇಡಿ, ಒಂದು ದೊಡ್ಡ ಕೇಸ್ ಬಿದ್ದಿದ್ದೇ ತಾರೀಖಿನಿಂದ. ಪರ್ಸನಲೈಸ್ಡ್ ಮೀಡಿಯಾ ಕಮ್ಯುನಿಕೇಷನ್ಸ್ ಅನ್ನೋ ಕಂಪನಿ ಆಪಲ್‌ನ ಫೇರ್‌ಪ್ಲೇ ಮೇಲೆ ಕೇಸ್ ಹಾಕಿತ್ತು, ಅದೇ ಹಾಡು ಸಿನಿಮಾ ಆಪ್‌ಗಳಿಗೆ ಬೀಗ ಹಾಕೋ ತಂತ್ರ. 2021ರ ಮಾರ್ಚ್‌ನಲ್ಲಿ ಮಾರ್ಷಲ್ ಊರಿನ ಜ್ಯೂರಿ 308.5 ಮಿಲಿಯನ್ ಡಾಲರ್ ಅಂತು. ಈ ಕಂಪನಿ ಏನು ಮಾಡಿತ್ತು ಅಂದ್ರೆ, ಅಮೆರಿಕದಲ್ಲಿ 1995ರ ಜೂನ್ 8ಕ್ಕೆ ಕಾನೂನು ಬದಲಾಗಿ ಲೆಕ್ಕ ಅರ್ಜಿಯಿಂದ 20 ವರ್ಷ ಅಂತ ಆಯ್ತಲ್ಲ, ಅದಕ್ಕೆ ಮುಂಚೆ ಲೆಕ್ಕ ಇದ್ದಿದ್ದು ಪೇಟೆಂಟ್ ಕೊಟ್ಟಾಗಿಂದ 17 ವರ್ಷ, ಆ ಹಳೇ ಲೆಕ್ಕ ಮುಗಿಯೋದ್ರೊಳಗೆ ಕೆಲವೇ ತಿಂಗಳಲ್ಲಿ 328 ಅರ್ಜಿ ತಂದು ಸುರಿದಿತ್ತು, ಎಂಬತ್ತರ ದಶಕದ ಬರಹ ಇಟ್ಕೊಂಡೇ. ಈ ಕೇಸ್‌ನ ಪೇಟೆಂಟ್ ಕೈಗೆ ಬಂದಿದ್ದು 2012ರಲ್ಲಿ. ಎಷ್ಟು ತಡ ಆದ್ರೆ ಅಷ್ಟು ಲಾಭ, ಯಾಕಂದ್ರೆ ಅಷ್ಟೊತ್ತಿಗೆ ಊರೆಲ್ಲ ಅದೇ ತಂತ್ರ ಬಳಸ್ತಿರುತ್ತೆ. 2021ರ ಆಗಸ್ಟ್‌ನಲ್ಲಿ ಜಡ್ಜ್ ರಾಡ್ನಿ ಗಿಲ್‌ಸ್ಟ್ರಾಪ್ ಅವ್ರು, ಇದು ಬೇಕಂತಲೇ ಎಳೆದಿದ್ದು, ಪೇಟೆಂಟ್ ಜಾರಿ ಮಾಡೋಕೆ ಆಗಲ್ಲ ಅಂದ್ರು, 2023ರ ಜನವರಿಯಲ್ಲಿ ಮೇಲಿನ ಕೋರ್ಟೂ ಅದನ್ನೇ ಎತ್ತಿ ಹಿಡೀತು.

ಈಗ ಕೇಸ್ ಎಲ್ಲಿಗೆ ಬಂದಿದೆ ಅಂತ ನೋಡೋದು. ಅಮೆರಿಕದ ಫೆಡರಲ್ ಕೋರ್ಟ್ ಕಾಗದ ಎಲ್ಲ ಪೇಸರ್ ಅನ್ನೋ ಸರ್ಕಾರಿ ವ್ಯವಸ್ಥೆಯಲ್ಲಿ ಸಿಗುತ್ತೆ, ಪುಟಕ್ಕೆ 10 ಸೆಂಟ್, ಮೂರು ತಿಂಗಳಲ್ಲಿ 30 ಡಾಲರ್ ಒಳಗಿದ್ರೆ ದುಡ್ಡೇ ಕೇಳಲ್ಲ. ಅದಕ್ಕೂ ಮುಂಚೆ ಕೋರ್ಟ್‌ಲಿಸನರ್ ಅನ್ನೋ ಸೈಟ್‌ನಲ್ಲಿ ಹುಡುಕಿ, ಬೇರೆಯವ್ರು ಈಗಾಗ್ಲೇ ತೆಗೆದ ಕಾಗದ ಅಲ್ಲಿ ಪುಕ್ಕಟೆ ಸಿಗುತ್ತೆ. ಡಾಕೆಟ್ ಅಂತ ಉದ್ದ ಪಟ್ಟಿ ಬರುತ್ತೆ, ನೂರಾರು ನಮೂದು, ಮೇಲಿಂದ ಓದಕ್ಕೆ ಹೋದ್ರೆ ಸಂಜೆ ಆಗುತ್ತೆ. ಕೆಳಗಿಂದ ಓದಿ, ಕೊನೇ ನಮೂದಿನಿಂದ ಹಿಂದಕ್ಕೆ. ಅಪೀಲ್ ಆಗಿದ್ರೆ ಫೆಡರಲ್ ಸರ್ಕ್ಯೂಟ್‌ಗೆ ಹೋಗಿರುತ್ತೆ, ಪೇಟೆಂಟ್ ಅಪೀಲೆಲ್ಲ ಹೋಗೋದು ವಾಷಿಂಗ್ಟನ್‌ನ ಆ ಒಂದೇ ಕೋರ್ಟ್‌ಗೆ, ಅದ್ರ ತೀರ್ಪು ಅವ್ರ ಸೈಟ್‌ನಲ್ಲೇ ಬಿಟ್ಟಿ.

ಸ್ಮಾರ್ಟ್‌ಫ್ಲ್ಯಾಶ್‌ನ ಹಾಗೆ ಹಿಂದಕ್ಕೆ ಓದಿದ್ರೆ ಕಥೆ ಚೆನ್ನಾಗಿ ಬಿಚ್ಕೊಳ್ಳುತ್ತೆ. ಅವ್ರು ಕೇಳಿದ್ದು 852 ಮಿಲಿಯನ್, ಆಪಲ್ ಹೇಳಿದ್ದು ಜಾಸ್ತಿ ಅಂದ್ರೂ 4.5 ಮಿಲಿಯನ್ ಬಾಳುತ್ತೆ ಅಂತ. ಸಂತೇಲಿ ಎತ್ತಿನ ವ್ಯಾಪಾರ ಮಾಡೋರೂ ಇಷ್ಟು ಅಂತರ ಇಟ್ಕೊಂಡು ಮಾತಿಗೆ ಕೂರಲ್ಲ. ಜ್ಯೂರಿ ತೀರ್ಪು ಬಂದಿದ್ದು ಫೆಬ್ರವರಿ, ಜುಲೈಗೆ ಅದೇ ಗಿಲ್‌ಸ್ಟ್ರಾಪ್ ಅವ್ರೇ ದುಡ್ಡಿನ ಭಾಗನ ರದ್ದು ಮಾಡಿದ್ರು. ಕಾರಣ, ಪೂರ್ತಿ ಐಫೋನ್ ಬೆಲೆ ಮೇಲೆ ಲೆಕ್ಕ ಹಾಕ್ಬೇಕಾ ಇಲ್ಲ ಆ ಒಂದು ಫೀಚರ್ ಎಷ್ಟು ಬಾಳುತ್ತೋ ಅಷ್ಟರ ಮೇಲಾ ಅನ್ನೋದ್ರ ಬಗ್ಗೆ ಜ್ಯೂರಿಗೆ ತಾವು ಕೊಟ್ಟ ಸೂಚನೆನೇ ದಾರಿ ತಪ್ಸಿರ್ಬೋದು ಅಂತ. ಆದ್ರೂ ಪೇಟೆಂಟ್ ಸರಿ ಇದೆ ಅಂತಲೇ ಅವ್ರು ನಿಂತಿದ್ರು. 2017ರ ಮಾರ್ಚ್ 1ಕ್ಕೆ ಫೆಡರಲ್ ಸರ್ಕ್ಯೂಟ್ ಬುಡಕ್ಕೇ ಕೈ ಹಾಕ್ತು: ದುಡ್ಡು ಕೊಟ್ರೆ ಡೇಟಾ ನೋಡೋಕೆ ಬಿಡೋದು, ಕೊಡ್ಲಿಲ್ಲ ಅಂದ್ರೆ ಬಿಡ್ದೇ ಇರೋದು, ಇದು ಬರೀ ಅಮೂರ್ತ ಐಡಿಯಾ, ಅದನ್ನ ಮಾಮೂಲಿ ಕಂಪ್ಯೂಟರ್ ಸಾಮಾನಿನ ಮೇಲೆ ಕೂರಿಸಿದ ಮಾತ್ರಕ್ಕೆ ಪೇಟೆಂಟ್ ಆಗಲ್ಲ.

ಇದಕ್ಕೆ ಬೇರು ಇರೋದು 2014ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕೊಟ್ಟ ಆಲಿಸ್ ತೀರ್ಪಿನಲ್ಲಿ. ಅದು ಎರಡು ಪ್ರಶ್ನೆ ಕೇಳುತ್ತೆ. ಈ ಕ್ಲೇಮ್ ಬರೀ ಒಂದು ಅಮೂರ್ತ ಐಡಿಯಾ ಕಡೆಗೆ ಇದೆಯಾ? ಹೌದಾದ್ರೆ, ಅದ್ರ ಮೇಲೆ ನಿಜವಾಗ್ಲೂ ಹೊಸದು ಅಂತ ಏನಾದ್ರೂ ಸೇರಿದೆಯಾ? ಮೊದಲನೇ ಪ್ರಶ್ನೆಗೆ ನನ್ನ ಪರೀಕ್ಷೆ ಏನಂದ್ರೆ, ಕ್ಲೇಮ್‌ನಲ್ಲಿ ಕಂಪ್ಯೂಟರ್ ಪದ ಎಲ್ಲ ಕಿತ್ತಾಕಿ ಹಳೇ ವಿಡಿಯೋ ಪಾರ್ಲರ್ ಕಥೆ ಥರ ಹೇಳಿ ನೋಡೋದು. ತೊಂಬತ್ತರ ದಶಕದಲ್ಲಿ ನಮ್ಮ ಬೀದಿ ಪಾರ್ಲರ್‌ನಲ್ಲಿ ಡೆಪಾಸಿಟ್ ಇಟ್ಟು ಮೆಂಬರ್ ಆಗ್ಬೇಕಿತ್ತು, ಒಂದಿನದ ಬಾಡಿಗೆ ಕೊಟ್ರೆ ಕ್ಯಾಸೆಟ್ ನಾಳೆ ಸಂಜೆಗೆ ವಾಪಸ್, ಎರಡು ದಿನದ್ದು ಕೊಟ್ರೆ ನಾಡಿದ್ದು, ದುಡ್ಡು ಎಷ್ಟೋ ಅಷ್ಟು ಹೊತ್ತು. ಕೊಟ್ಟ ದುಡ್ಡಿಗೆ ತಕ್ಕ ಆಕ್ಸೆಸ್ ರೂಲ್! ಕಥೆ ಹೀಗೆ ಸಲೀಸಾಗಿ ಕೂತ್ರೆ ಆ ಕ್ಲೇಮ್ ಆಲಿಸ್ ಮುಂದೆ ನಿಲ್ಲೋದು ಕಷ್ಟ. ಕೂರದೇ ಇದ್ರೆ, ಅಂದ್ರೆ ಕಂಪ್ಯೂಟರ್ ತೆಗೆದ್ರೆ ಹೇಳೋಕೆ ಏನೂ ಉಳೀದೇ ಇದ್ರೆ, ಹುಷಾರು, ಅದು ಗಟ್ಟಿ ಪೇಟೆಂಟ್ ಇರ್ಬೋದು. 2016ರ ಎನ್‌ಫಿಶ್ ವರ್ಸಸ್ ಮೈಕ್ರೋಸಾಫ್ಟ್ ನೋಡಿ, ಅಲ್ಲಿ ಇದ್ದಿದ್ದು ಡೇಟಾಬೇಸ್ ಟೇಬಲ್ಲೇ ತನ್ನ ಕಾಲಂಗಳ ವಿವರನ ತನ್ನೊಳಗೇ ಇಟ್ಕೊಳ್ಳೋ ವಿಧಾನ. ಇದು ಕಂಪ್ಯೂಟರ್ ಕೆಲ್ಸ ಮಾಡೋ ರೀತಿಯನ್ನೇ ಸುಧಾರಿಸುತ್ತೆ ಅಂತ ಅದೇ ಫೆಡರಲ್ ಸರ್ಕ್ಯೂಟ್ ಒಪ್ಕೊಳ್ತು. ಅದನ್ನ ಪಾರ್ಲರ್ ಕಥೆ ಮಾಡೋಕೆ ಪ್ರಯತ್ನ ಪಟ್ಟು ನೋಡಿ, ಆಗಲ್ಲ. ಇದು ನನ್ನ ಸ್ವಂತ ಅಳತೆ, ಕೋರ್ಟ್‌ನಲ್ಲಿ ಯಾರೂ ಪಾರ್ಲರ್ ಅನ್ನಲ್ಲ.

ಹಾಗಂತ ಬೀಗ ಹಾಕೋ ಪೇಟೆಂಟೆಲ್ಲ ಆಲಿಸ್‌ನಿಂದಲೇ ಬೀಳುತ್ತೆ ಅಂತಲ್ಲ. ಕಂಟೆಂಟ್‌ಗಾರ್ಡ್ ಅನ್ನೋ ಕಂಪನಿ ಹತ್ರ ಇದ್ದಿದ್ದು ಜೆರಾಕ್ಸ್‌ನ ಹೆಸರುವಾಸಿ ಸಂಶೋಧನಾ ಕೇಂದ್ರದಿಂದ ಬಂದ ಡಿಆರ್‌ಎಂ, ಅಂದ್ರೆ ಡಿಜಿಟಲ್ ಫೈಲ್‌ಗೆ ಬೀಗ ಹಾಕೋ ಪೇಟೆಂಟ್‌ಗಳು. 2015ರಲ್ಲಿ ಗೂಗಲ್ ಮೇಲಿನ ಕೇಸ್‌ನಲ್ಲೂ ಆಪಲ್ ಮೇಲಿನ ಕೇಸ್‌ನಲ್ಲೂ ಜ್ಯೂರಿ ಉಲ್ಲಂಘನೆ ಆಗಿಲ್ಲ ಅಂತು. ಅಂದ್ರೆ ಬೇಲಿ ಇದೆ, ಇವ್ರು ದಾಟಿಲ್ಲ. ಮೂರು ಕೇಸ್, ಮೂರು ಬೇರೆ ಕಾರಣ. ಹಾಗಾಗಿ "ಆಪಲ್ ಗೆಲ್ತು" ಅಂತ ಓದಿ ಸುಮ್ನಾಗ್ಬೇಡಿ, ಯಾವ ಕಾರಣಕ್ಕೆ ಅಂತ ನೋಡಿ. ಪೇಟೆಂಟೇ ಸತ್ತಿದ್ರೆ ನಿಮಗೂ ಅನುಕೂಲ. ಉಲ್ಲಂಘನೆ ಆಗಿಲ್ಲ ಅಂತ ಬಿದ್ದಿದ್ರೆ ಅದು ಅವ್ರ ಸಿಸ್ಟಂಗೆ ಮಾತ್ರ, ನಿಮ್ಮದು ಬೇರೆ ಥರ ಇದ್ರೆ ಪೇಟೆಂಟ್ ಜೀವಂತವಾಗಿ ಬಾಗಿಲಲ್ಲೇ ಕೂತಿದೆ.

ಕೋರ್ಟ್ ಬಿಟ್ಟು ಇನ್ನೊಂದು ಜಾಗನೂ ನೋಡ್ಬೇಕು, ಅಮೆರಿಕದ ಪೇಟೆಂಟ್ ಆಫೀಸಿನದೇ ಒಂದು ಮಂಡಳಿ ಇದೆ, ಪಿಟ್ಯಾಬ್ ಅಂತಾರೆ. ಕೋರ್ಟ್‌ನಲ್ಲಿ ಪೇಟೆಂಟ್ ತಪ್ಪು ಅಂತ ತೋರ್ಸೋಕೆ ಬಲವಾದ ಸಾಕ್ಷಿ ಬೇಕು, ಈ ಮಂಡಳಿ ಮುಂದೆ ತಕ್ಕಡಿ ಸ್ವಲ್ಪ ವಾಲಿದ್ರೂ ಸಾಕು. ಈಗ ಅಲ್ಲಿ ಹೆಚ್ಚಾಗಿ ನಡೆಯೋ ಇಂಟರ್ ಪಾರ್ಟೀಸ್ ರಿವ್ಯೂನಲ್ಲಿ ಹಳೇ ಪೇಟೆಂಟ್ ಮತ್ತೆ ಅಚ್ಚಾದ ಬರಹ ತೋರ್ಸಿ ಮಾತ್ರ ವಾದ ಮಾಡ್ಬೋದು, ದಾವೆಯ ಕಾಗದ ಕೈ ಸೇರಿದ ಒಂದು ವರ್ಷದೊಳಗೆ ಹಾಕ್ಬೇಕು. ಸ್ಮಾರ್ಟ್‌ಫ್ಲ್ಯಾಶ್ ಪೇಟೆಂಟ್‌ಗಳಿಗೆ ಅಲ್ಲೂ ಏಟು ಬಿದ್ದಿತ್ತು, ಆದ್ರೆ ಅದು ವ್ಯಾಪಾರದ ವಿಧಾನಗಳಿಗೇ ಅಂತ ಇದ್ದ ಬೇರೆ ಥರದ ರಿವ್ಯೂ, 2020ರ ಸೆಪ್ಟೆಂಬರ್‌ಗೆ ಮುಚ್ಚೋಯ್ತು.

ಯಾಕೆ ಎಲ್ಲ ಕೇಸೂ ಟೆಕ್ಸಾಸ್‌ನ ಸಣ್ಣ ಊರಲ್ಲೇ ಅಂತ ಕೇಳಿದ್ರೆ, ಅಲ್ಲಿ ಪೇಟೆಂಟ್ ಇರೋರಿಗೆ ಅನುಕೂಲ ಅನ್ನೋ ಹೆಸ್ರು ಬಂದು ದಾವೆ ಹಾಕೋರೆಲ್ಲ ಅಲ್ಲಿಗೇ ಓಡ್ತಿದ್ರು, ಮಾರ್ಷಲ್ ಕೋರ್ಟ್ ಎದುರಿಗಿನ ಐಸ್ ಸ್ಕೇಟಿಂಗ್ ಅಂಗಳಕ್ಕೆ ಸ್ಯಾಮ್‌ಸಂಗ್ ಪ್ರಾಯೋಜಕ ಆಗಿತ್ತು ಅಂದ್ರೆ ನೀವೇ ಲೆಕ್ಕ ಹಾಕ್ಕೊಳ್ಳಿ. 2017ರ ಮೇ ತಿಂಗಳಲ್ಲಿ ಟಿಸಿ ಹಾರ್ಟ್‌ಲ್ಯಾಂಡ್ ಅನ್ನೋ ಕೇಸ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂದ್ಮೇಲೆ ಅಮೆರಿಕದ ಕಂಪನಿಗಳ ಮೇಲೆ ಎಲ್ಲಿ ಬೇಕಾದ್ರಲ್ಲಿ ಹಾಕೋದಕ್ಕೆ ಕಡಿವಾಣ ಬಿತ್ತು. ಹೊರದೇಶದ ಕಂಪನಿಗೆ ಆ ರಕ್ಷಣೆ ಇಲ್ಲ, ಇದನ್ನ ನಮ್ಮವ್ರು ನೆನಪಿಟ್ಕೋಬೇಕು.

ನಮ್ಮವ್ರು ಅಂದಾಗ ಇನ್ನೊಂದು. ಅಮೆರಿಕದ ಪೇಟೆಂಟ್ ಅಮೆರಿಕಕ್ಕೆ ಮಾತ್ರ, ನಿಮ್ಮ ಗಿರಾಕಿಗಳೆಲ್ಲ ಹುಬ್ಬಳ್ಳಿ, ಹಾಸನದಲ್ಲೇ ಇದ್ರೆ ಅದು ನಿಮ್ಮನ್ನ ಮುಟ್ಟಲ್ಲ. ಬೆಂಗಳೂರಲ್ಲಿ ಕೂತು ಕೋಡ್ ಬರೆದು ಅಲ್ಲಿಯವ್ರಿಗೆ ಮಾರಿದ್ರೆ ಮುಟ್ಬೋದು. ಸಣ್ಣೋರನ್ನ ಯಾರು ಕೇಳ್ತಾರೆ ಅಂದ್ಕೋಬೇಡಿ, 2011ರಲ್ಲಿ ಲಾಡ್‌ಸಿಸ್ ಅನ್ನೋ ಕಂಪನಿ ಒಬ್ಬೊಬ್ರೇ ಆಪ್ ಮಾಡ್ತಿದ್ದ ಡೆವಲಪರ್‌ಗಳಿಗೂ ಪತ್ರ ಕಳ್ಸಿ, ಆಪ್ ಒಳಗಿನ ಖರೀದಿಗೆ ಅಮೆರಿಕದ ಆದಾಯದಲ್ಲಿ 0.575 ಪರ್ಸೆಂಟ್ ಕೊಡಿ ಅಂತ ಕೇಳಿತ್ತು. ಇಲ್ಲಿ ನಮ್ಮ 1970ರ ಪೇಟೆಂಟ್ ಕಾಯ್ದೆಯ 3(ಕೆ) ಕಲಂ ಪ್ರಕಾರ ವ್ಯಾಪಾರದ ವಿಧಾನ, ಅಲ್ಗಾರಿದಂ, ಬರೀ ಕಂಪ್ಯೂಟರ್ ಪ್ರೋಗ್ರಾಂ ಇವಕ್ಕೆ ಪೇಟೆಂಟ್ ಇಲ್ಲ, ಆದ್ರೆ ತಾಂತ್ರಿಕ ಪರಿಣಾಮ ತೋರ್ಸಿದ್ರೆ ಬೇರೆ ಮಾತು ಅಂತ 2019ರಲ್ಲಿ ದೆಹಲಿ ಹೈಕೋರ್ಟ್ ಫೆರಿದ್ ಅಲ್ಲಾನಿ ಕೇಸ್‌ನಲ್ಲಿ ಹೇಳಿದೆ. ಭಾರತದ್ದು ಹುಡುಕೋಕೆ ಸರ್ಕಾರದ ಇನ್‌ಪಾಸ್ ಸೈಟ್ ಇದೆ, ಸ್ವಲ್ಪ ತಾಳ್ಮೆ ಬೇಕು. ಪೇಟೆಂಟ್ ಸಿಗೋಕೆ ಮುಂಚೆ ಯಾರು ಬೇಕಾದ್ರೂ ತಕರಾರು ಹಾಕ್ಬೋದು, ಸಿಕ್ಕಿದ ಮೇಲೆ ಒಂದು ವರ್ಷದೊಳಗೆ ಅದ್ರಿಂದ ಬಾಧೆ ಆಗೋರು ಹಾಕ್ಬೋದು.

ಇಷ್ಟೆಲ್ಲ ಶುರು ಮಾಡೋಕೆ ಮುಂಚೆನೇ ಒಂದು ಮಾತು ಹೇಳ್ಬೇಕಿತ್ತು, ಮರ್ತೆ. ಕಂಪನಿಯಲ್ಲಿ ಕೆಲ್ಸ ಮಾಡ್ತಿದ್ರೆ ಪೇಟೆಂಟ್ ಓದ್ಬೋದಾ ಅಂತ ಮೊದ್ಲು ಕೇಳ್ಕೊಳ್ಳಿ. ತುಂಬಾ ಕಡೆ ಇಂಜಿನಿಯರ್‌ಗಳಿಗೆ ಓದ್ಬೇಡಿ ಅಂತಲೇ ಹೇಳಿರ್ತಾರೆ, ಯಾಕಂದ್ರೆ ಗೊತ್ತಿದ್ದೂ ಉಲ್ಲಂಘನೆ ಮಾಡಿದ್ರು ಅಂತ ಆದ್ರೆ ಅಮೆರಿಕದಲ್ಲಿ ಪರಿಹಾರ ಮೂರು ಪಟ್ಟಿನವರೆಗೂ ಏರ್ಬೋದು. ಓದಿದ್ದನ್ನ ಆಫೀಸ್ ಚಾಟ್‌ನಲ್ಲಿ "ಅಯ್ಯೋ ಇದು ನಮ್ದೇ ಥರ ಇದೆ ಗುರು" ಅಂತ ಹಾಕ್ಬೇಡಿ, ಕೇಸ್ ಆದ್ರೆ ಆ ಚಾಟ್ ಎಲ್ಲ ಆಚೆ ಬರುತ್ತೆ. ಪತ್ರನೇ ಬಂದಿದ್ರೆ ಬಂದ ತಾರೀಖು ಬರ್ದಿಟ್ಕೊಳ್ಳಿ, ಆ ಕ್ಷಣಕ್ಕೆ ಉತ್ತರ ಬರೀಬೇಡಿ, ನೀವು ಬಳಸೋ ಆಪ್ ಸ್ಟೋರ್ ಅಥವಾ ಪೇಮೆಂಟ್ ಕಂಪನಿ ಈಗಾಗ್ಲೇ ಆ ಪೇಟೆಂಟ್‌ಗೆ ಲೈಸೆನ್ಸ್ ತಗೊಂಡಿದೆಯಾ ನೋಡಿ. ಲಾಡ್‌ಸಿಸ್ ವಿಷಯದಲ್ಲಿ ಆಪಲ್ ಹೇಳಿದ್ದೂ ಅದೇ, ನಮ್ಮ ಲೈಸೆನ್ಸ್ ಡೆವಲಪರ್‌ಗಳಿಗೂ ಸಲ್ಲುತ್ತೆ ಅಂತ.

ನನ್ನ ಹನ್ನೊಂದರ ಕಥೆ ಹೇಳ್ಬಿಡ್ತೀನಿ. ಆರು ಸತ್ತಿದ್ವು, ಮೂರಕ್ಕೆ ಚಾರ್ಟ್‌ನಲ್ಲಿ ಖಾಲಿ ಡಬ್ಬ ಇತ್ತು, ಉಳಿದ ಎರಡು ನನ್ನ ಕೈಗೆ ಬಗೆಹರೀಲಿಲ್ಲ. ಶೀಟ್ ಸಮೇತ ಪೇಟೆಂಟ್ ವಕೀಲರೊಬ್ರ ಹತ್ರ ಹೋದೆ. ಅವ್ರು ಮೂರು ಖಾಲಿ ಡಬ್ಬದಲ್ಲಿ ಒಂದರ ಮೇಲೆ ಪೆನ್ ಇಟ್ಟು, "ಇದು ಖಾಲಿ ಅಲ್ಲ, ಈ ಪದಕ್ಕೆ ವಿವರಣೆಯಲ್ಲಿ ಬೇರೆ ಅರ್ಥ ಕೊಟ್ಟಿದಾರೆ ನೋಡಿ" ಅಂತ ಹದಿನಾಲ್ಕನೇ ಪುಟ ತೆಗೆದು ನನ್ನ ಕಡೆ ತಿರುಗಿಸಿದ್ರು. ಆ ಪುಟ ನಾನು ಓದೇ ಇರ್ಲಿಲ್ಲ.